ಮೊದಲ ಮಣೆ

ನಮ್ಮೂರಲ್ಲಿ ಯಾರೂ ಯಾರ ವಯಸ್ಸನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಬಲಗೈ ಹೆಬ್ಬೆರಳು ನೋಡುತ್ತಾರೆ, ಅಷ್ಟೇ. ಉಗುರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುತ್ತವೆ. ಎಷ್ಟು ಗೆರೆಯೋ ಅಷ್ಟು ವಯಸ್ಸು. ನಲವತ್ತರವರೆಗೆ ಎಲ್ಲರಿಗೂ ವರ್ಷಕ್ಕೊಂದೇ ಗೆರೆ, ಅದರಲ್ಲಿ ಬಡವರು ಬಲ್ಲಿದರು ಅಂತಿಲ್ಲ. ನಲವತ್ತು ದಾಟಿತೋ, ಗೆರೆ ಎಳೆಯುವ ಕೆಲಸ ಒಲೆಯ ಪಾಲಿಗೆ ಹೋಗುತ್ತದೆ. ಒಂದು ಮನೆಯ ಒಲೆ ವರ್ಷಕ್ಕೆ ಎರಡು ಗೆರೆ ಎಳೆದರೆ ಇನ್ನೊಂದು ಮನೆಯದು ಎರಡು ವರ್ಷಕ್ಕೆ ಒಂದೇ ಒಂದು ಎಳೆಯುತ್ತದೆ. ಮೊದಲನೆಯದನ್ನು ಓಡುವ ಒಲೆ ಅನ್ನುತ್ತೇವೆ, ಎರಡನೆಯದನ್ನು ನಡೆಯುವ ಒಲೆ. ನೂರು ಗೆರೆ ತುಂಬಿದ ಉಗುರಿನಲ್ಲಿ ಮತ್ತೊಂದಕ್ಕೆ ಜಾಗವಿಲ್ಲ. ಅಂಥವರು ಒಂದು ದಿನ ಮಲಗುತ್ತಾರೆ, ಏಳುವುದಿಲ್ಲ. ಅದಕ್ಕೇ ಹೆಣ್ಣು ಕೊಡುವಾಗ ನಮ್ಮವರು ಹೊಲ ಎಷ್ಟಿದೆ ಅಂತ ಕೇಳುವ ಮುಂಚೆ “ನಿಮ್ಮ ಒಲೆ ಹೆಂಗೆ ನಡೀತೈತೆ?” ಅಂತ ಕೇಳುತ್ತಾರೆ.

ನನ್ನ ಹೆಸರು ಮರುಳಪ್ಪ. ಉಗುರು ನೋಡುವುದು ನನ್ನ ಕಸುಬು. ಮೂವತ್ತು ವರ್ಷದಿಂದ ಕೆಳಗಿನ ಕೇರಿಯ ಮನೆಮನೆಗೂ ಹೋಗಿ ನೋಡಿದ್ದೇನೆ, ಒಂದು ಗೆರೆ ಹೆಚ್ಚು ಕಡಿಮೆ ಎಣಿಸಿದ್ದೇನೆ ಅಂತ ಇವತ್ತಿನವರೆಗೆ ಯಾರೂ ಬೆರಳು ತೋರಿಸಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಉಗುರಿಗೆ ದೀಪದ ಮಸಿ ಸವರಿ ಬಟ್ಟೆಯಿಂದ ಒರೆಸಿದರೆ ಮಸಿ ಗೆರೆಗಳ ಸಂದಿಯಲ್ಲಿ ಮಾತ್ರ ಉಳಿಯುತ್ತದೆ. ಆಮೇಲೆ ಜಾಲಿಮುಳ್ಳಿನ ತುದಿ ಇಟ್ಟುಕೊಂಡು ಎಣಿಸುವುದು. ಅಭ್ಯಾಸ ಎಷ್ಟಾಗಿದೆಯೆಂದರೆ ಸಂತೆಯಲ್ಲಿ ಬದನೆಕಾಯಿ ತೂಗುವವಳ ಹೆಬ್ಬೆರಳು ಕಂಡರೂ ನನ್ನ ಕಣ್ಣು ತಾನಾಗಿ ಒಂದು, ಎರಡು ಅಂತ ಶುರುಮಾಡಿಬಿಡುತ್ತದೆ.

ಮನೆಯಲ್ಲಿ ಯಾರ ಉಗುರಿನಲ್ಲಿ ಗೆರೆ ಹೆಚ್ಚೋ ಅವರಿಗೆ ಮೊದಲ ಮಣೆ, ಮೊದಲ ಸೌಟು. ಇದು ನಮ್ಮೂರ ಕಟ್ಟಳೆ. ನಾವು ಉಗುರು ನೋಡುವವರು ಮನೆಗೆ ಹೋದರೆ ಮೊದಲ ಮಣೆಯವರ ಬೆರಳೊಂದನ್ನೇ ನೋಡಿ ಎದ್ದು ಬರುತ್ತೇವೆ. ಒಂದೇ ಒಲೆಯಲ್ಲಿ ಬೆಂದದ್ದನ್ನು ತಿಂದವರಿಗೆ ಒಂದೇ ನಡಿಗೆ ತಾನೇ? ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಚುಕಿದರೆ ಸಾಕು, ಪಾತ್ರೆಯನ್ನೆಲ್ಲ ಬಗ್ಗಿಸಬೇಕಾಗಿಲ್ಲ. ಹೀಗೆ ನಾನು ಊರಿಗೆಲ್ಲ ಹೇಳಿಕೊಂಡು ಬಂದವನು.

ನಮ್ಮ ಮನೆಯ ಮೊದಲ ಮಣೆ ನಮ್ಮಪ್ಪ ಈರಜ್ಜನದು. ಅವನು ಹುಟ್ಟಿ ತೊಂಬತ್ತೊಂದು ವರ್ಷವಾಗಿದೆ, ಉಗುರಿನಲ್ಲಿರುವುದು ಅರವತ್ತಾರೇ ಗೆರೆ. ಹುರಿಗಡಲೆಯನ್ನು ಕಟಕಟ ಅಂತ ಅಗಿಯುತ್ತಾನೆ. ಕೆರೆ ಏರಿಯ ಮೇಲೆ ನಡೆಯಲು ಹೊರಟರೆ ನಾನು ಹಿಂದೆ ಬೀಳುತ್ತೇನೆ. ಉಗುರು ನೋಡುವವನು ತನ್ನ ಮನೆಯ ಉಗುರನ್ನು ತಾನೇ ನೋಡುವಂತಿಲ್ಲವಾದ್ದರಿಂದ ನಮ್ಮ ಮನೆಗೆ ಮೇಲಿನ ಕೇರಿಯ ಓಬಮ್ಮ ಬರುತ್ತಾಳೆ. ಹದಿನಾಲ್ಕು ವರ್ಷದ ಹಿಂದೆ ಅವಳು ಅಪ್ಪನ ಬೆರಳು ನೋಡಿ “ಮರುಳಣ್ಣ, ನಿಮ್ಮ ಒಲೆ ನಡಿಯೋದಿರ್ಲಿ, ಕುಂಟ್ತಾ ಐತೆ ಕಣಣ್ಣ!” ಅಂದದ್ದೇ ತಡ, ನಮ್ಮ ಮನೆಗೆ ಹೆಸರು ಬಂತು.

ಆ ಒಲೆಯಲ್ಲಿ ಬೇಯುತ್ತಿದ್ದದ್ದಾದರೂ ಏನು? ರಾಗಿ ಮುದ್ದೆ, ಬೆರಕೆ ಸೊಪ್ಪಿನ ಬಸ್ಸಾರು, ಹುರುಳಿಕಾಳು, ಒಂದು ಚಮಚ ಎಣ್ಣೆಯ ಒಗ್ಗರಣೆ, ಕಡೆಗೆ ಒಂದು ಲೋಟ ನೀರುಮಜ್ಜಿಗೆ. ಹೊತ್ತು ಮುಳುಗುವ ಮುಂಚೆ ಊಟ. ಇನ್ನೂ ಒಂದು ತುತ್ತು ಹಿಡಿಯುತ್ತದೆ ಅನ್ನುವಾಗ ಏಳುವುದು. ಸಿಹಿ ಅಂದರೆ ಹಬ್ಬಕ್ಕೆ. ಇಷ್ಟನ್ನೇ ನಾನು ಜಗಲಿಯ ಮೇಲೆ ಕೂತು, ಸುತ್ತಮುತ್ತಲ ಊರಿನಿಂದ ನಮ್ಮ ಒಲೆ ನೋಡಲು ಬಂದವರಿಗೆ ಗಂಟೆಗಟ್ಟಲೆ ಹೇಳುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಶುರುಮಾಡಿದರೆ ಎದುರಿಗಿದ್ದವರು ಆಕಳಿಸುವವರೆಗೆ ನಿಲ್ಲಿಸುತ್ತಿರಲಿಲ್ಲ. ಬಂದವರಿಗೆ ಬರೀ ಸೊಪ್ಪು ಮುದ್ದೆ ಇಟ್ಟು ಕಳಿಸಿದರೆ ಮರ್ಯಾದೆ ಉಳಿಯುತ್ತದೆಯೇ? ಹಾಗಾಗಿ ಕೋಡುಬಳೆ, ಒಬ್ಬಟ್ಟು, ಬಿಳಿ ಅನ್ನ, ಸಕ್ಕರೆ ಟೀ ಅಂತ ಒಳಗೆ ಕೂಗಿ ಹೇಳುತ್ತಿದ್ದೆ. ಒಳಗೆ ನನ್ನ ಹೆಂಡತಿ ಗಂಗಮಾಳಮ್ಮ ಇದ್ದಳು. ಅವಳೊಬ್ಬಳು ಒಳಗಿದ್ದಾಳೆ ಅನ್ನುವ ಧೈರ್ಯದ ಮೇಲೇ ನನ್ನ ಭಾಷಣ ನಡೆಯುತ್ತಿತ್ತು.

ಅವರೆಕಾಯಿಗೆ ಸೊಗಡು ಬರುವ ಹೊತ್ತಿಗೆ ನಮ್ಮಲ್ಲಿ ಕೆಂಡದ ದಿನ ಬರುತ್ತದೆ. ಅವತ್ತು ಊರಿನ ಎಲ್ಲ ಒಲೆಗಳನ್ನೂ ಆರಿಸಿ, ಅತಿ ನಿಧಾನದ ಒಲೆ ಯಾವುದೋ ಆ ಮನೆಯಿಂದ ಕೆಂಡ ತೆಗೆದುಕೊಂಡು ಹೋಗಿ ಮತ್ತೆ ಹೊತ್ತಿಸುತ್ತಾರೆ. ಇಷ್ಟು ವರ್ಷವೂ ಮೇಲಿನ ಕೇರಿಯ ಒಂದು ಮನೆ ನಮ್ಮನ್ನು ಕೂದಲೆಳೆಯಲ್ಲಿ ಹಿಂದೆ ಹಾಕುತ್ತಿತ್ತು. ಈ ಸಲ ಆ ಮನೆಗೆ ಒಬ್ಬ ಸಿಹಿಬಾಯಿಯ ಅಳಿಯ ಬಂದು ಸೇರಿಕೊಂಡು ಒಲೆ ಜೋರಾಯಿತು. ಕೆಂಡ ನಮ್ಮ ಮನೆಯಿಂದಲೇ ಅಂತ ಊರೆಲ್ಲ ಮಾತು. ಹೊಸ ಪಂಚೆ ತಂದಿಟ್ಟುಕೊಂಡೆ. ಅಪ್ಪನಂತೂ ಮಣೆಗೆ ಎಣ್ಣೆ ಹಚ್ಚಿ ಉಜ್ಜಿದ್ದೂ ಉಜ್ಜಿದ್ದೇ.

ಇನ್ನು ಹತ್ತು ದಿನ ಇದೆ ಅನ್ನುವಾಗ, ಒಂದು ಸಂಜೆ, ಅಡುಗೆಮನೆಯಿಂದ ಗಂಗಮಾಳಿ ಕರೆದಳು.

“ಒಂದೀಟು ಬರ್ತೀರಾ? ಮುದ್ದೆ ಕೂಡ್ಸೋಕೆ ಕೈಗೆ ಕಸುವು ಸಾಲ್ತಿಲ್ಲ.”

ಹೋದೆ. “ಹಿಟ್ಟು ಜಾಸ್ತಿ ಹಾಕಿರ್ತೀಯ” ಅಂತ ಬುದ್ಧಿ ಹೇಳುತ್ತಲೇ ಹೋದೆ. ಅವಳು ಅಷ್ಟು ಹೊತ್ತೂ ಕೆಂಡದ ದಿನಕ್ಕೆಂದು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಯಾವಾಗಲೂ ಅರಿಶಿನ ಹಿಡಿದು ಹಳದಿಯಾಗಿರುತ್ತಿದ್ದ ಅವಳ ಬೆರಳುಗಳು ಅವತ್ತು ಬೆಳ್ಳಗಾಗಿದ್ದವು. ಹಿತ್ತಾಳೆಯ ಕಪ್ಪು ಕಿಲುಬು ಮಾತ್ರ ಉಗುರಿನ ಸಂದಿಸಂದಿಯಲ್ಲಿ ಕೂತಿತ್ತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಪಾತ್ರೆಯ ಅಂಚು ಹಿಡಿದಳು. ಪಡುವಣ ಕಿಟಕಿಯಿಂದ ಬಂದ ಬಿಸಿಲು ಸೀದಾ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ನಾನು ಮಸಿ ಸವರಿ ಒರೆಸಿದ್ದರೂ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ.

ನನ್ನ ಕಣ್ಣು ಎಣಿಸತೊಡಗಿತು. ಮದುವೆಯಲ್ಲಿ ನನ್ನದು ಇಪ್ಪತ್ತೈದು, ಅವಳದು ಇಪ್ಪತ್ತು. ಈಗ ನನ್ನದು ಐವತ್ತೆರಡು. ಅವಳದು ಎಷ್ಟಿರಬಹುದು, ನಮ್ಮ ಒಲೆಯ ನಡಿಗೆಯಲ್ಲಿ ನಲವತ್ತೊಂಬತ್ತು. ಐವತ್ತಕ್ಕೆ ನಿಲ್ಲಬೇಕಿದ್ದ ಕಣ್ಣು ನಿಲ್ಲಲಿಲ್ಲ. ಅರವತ್ತು ದಾಟಿತು. ಅಪ್ಪನ ಅರವತ್ತಾರನ್ನೂ ದಾಟಿತು. ಮುದ್ದೆ ತಿರುವುತ್ತಿದ್ದ ಕೋಲು ನನ್ನ ಕೈಯಲ್ಲೇ ನಿಂತುಹೋಯಿತು. ಮತ್ತೆ ಮೊದಲಿನಿಂದ ಎಣಿಸಿದೆ. ಎಪ್ಪತ್ತಮೂರು.

“ಯಾಕ್ರೀ, ಗಂಟಾಗುತ್ತೆ ತಿರುವ್ರಿ” ಅಂದಳು.

ತಿರುವಿದೆ. ಊಟಕ್ಕೆ ಕೂತೆವು. ಮೊದಲ ಮಣೆಯಲ್ಲಿ ಅಪ್ಪ, ಎರಡನೆಯದರಲ್ಲಿ ನಾನು. ಅವಳು ಬಡಿಸುತ್ತಿದ್ದಳು. ಬಗ್ಗಿದಾಗ ಸೊಂಟಕ್ಕೆ ಕೈ ಕೊಟ್ಟುಕೊಳ್ಳುತ್ತಿದ್ದಳು. ಕೆರೆ ಏರಿಗೆ ನಮ್ಮ ಜೊತೆ ಬರುವುದನ್ನು ಅವಳು ಬಿಟ್ಟು ಎಷ್ಟು ವರ್ಷವಾಯಿತು? ಮಂಡಿ ನೋವು ಅಂದಾಗ ನಾನು “ಸೊಪ್ಪು ತಿನ್ನು, ಸರಿಹೋಗುತ್ತೆ” ಅಂದಿದ್ದೆ, ತುಂಬಿದ ಬಾಯಲ್ಲಿ.

ಮಾರನೆಯ ದಿನ ನಾನು ಜಗಲಿಗೆ ಹೋಗಲಿಲ್ಲ. ಹಲ್ಲುನೋವು ಅಂತ ಸುಳ್ಳು ಹೇಳಿ ನಡುಮನೆಯಲ್ಲಿ ಕೂತು, ಅವಳು ಬೆಳಗಿನಿಂದ ಏನು ತಿನ್ನುತ್ತಾಳೆ ಅಂತ ನೋಡಿದೆ. ಎದ್ದ ಕೂಡಲೇ ಎರಡು ಚಮಚ ಸಕ್ಕರೆ ಹಾಕಿದ ಟೀ. ಹತ್ತು ಗಂಟೆಗೆ ಒಲೆ ನೋಡುವವರು ಐದು ಜನ ಬಂದರು. ಅವರಿಗೆ ಕೋಡುಬಳೆ ಕರಿದಳು, ಮುರಿದ ಚೂರುಗಳು ಅವಳ ಬಾಯಿಗೆ ಹೋದವು, ಮೇಲೊಂದು ಟೀ. ಮಧ್ಯಾಹ್ನ ಒಂದು ಕುಕ್ಕೆ ಸೊಪ್ಪು ಬೇಯಿಸಿ ಬಸಿದಳು. ಸೊಪ್ಪಿನ ಹಣೆಬರಹವೇ ಅಷ್ಟು, ಕುಕ್ಕೆ ತುಂಬ ತಂದರೆ ಬೆಂದ ಮೇಲೆ ಎರಡು ಹಿಡಿ. ಒಂದು ಹಿಡಿ ಅಪ್ಪನಿಗೆ, ಒಂದು ಹಿಡಿ ನನಗೆ. ಬಂದವರು ಬಿಟ್ಟ ತಣ್ಣನೆ ಬಿಳಿ ಅನ್ನಕ್ಕೆ ಉಪ್ಪಿನಕಾಯಿ ರಸ, ಕರಿದ ಎಣ್ಣೆ ಹಾಕಿಕೊಂಡು ಮೂರು ಗಂಟೆಗೆ ಅವಳು ನಿಂತೇ ಉಂಡಳು. ಸಂಜೆ ನಾವು ಹೊತ್ತಿರುವಾಗಲೇ ಉಂಡು ಎದ್ದೆವು. ಅವಳು ಪಾತ್ರೆ ತೊಳೆದು, ಒಲೆ ಸಾರಿಸಿ, ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಹರಿದ ಒಬ್ಬಟ್ಟಿನ ತುಂಡು ಕೈಯಲ್ಲಿ ಹಿಡಿದು ಗೋಡೆಗೊರಗಿ ಕೂತಳು.

ಊರಿಗೆಲ್ಲ ನಿಧಾನದ ಒಲೆ. ಅದರ ಮುಂದೆ ನಿಂತವಳಿಗೆ ಮಾತ್ರ ಓಡುವ ಒಲೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ನಾನೇ ಎಷ್ಟು ಸಲ ಬೇರೆಯವರಿಗೆ ಹೇಳಿ ನಕ್ಕಿಲ್ಲ!

ಅವಳ ಪಕ್ಕದಲ್ಲಿ ಹೋಗಿ ಕೂತೆ. “ನೀನು ಸೊಪ್ಪು ತಿನ್ನೋದೇ ಇಲ್ವಾ?” ಅಂದೆ.

“ಉಳಿದ್ರೆ ತಿಂತೀನಿ.”

“ಉಳಿಯುತ್ತಾ?”

“ನೀವು ಎರಡನೇ ಸಲ ಹಾಕಿಸ್ಕೊಂಡ ಮೇಲೆ ಉಳಿಯುತ್ತಾ ಅಂತ ನೀವೇ ಹೇಳ್ರಿ.” ಜಗಳದ ದನಿಯಲ್ಲ ಅದು, ತಮಾಷೆಗೇ ಅಂದಳು.

ಅವಳ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟುಕೊಂಡೆ. “ಎಪ್ಪತ್ತಮೂರು ಕಣೆ” ಅಂದೆ.

“ಅಷ್ಟೇನಾ? ನಾನು ಎಪ್ಪತ್ತೈದು ಅಂದ್ಕೊಂಡಿದ್ದೆ.”

“ಗೊತ್ತಿತ್ತಾ ನಿಂಗೆ?”

“ನನಗೆ ಎಣಿಸೋಕೆ ಬರಲ್ಲ. ನನ್ನ ಮಂಡಿಗೆ ಬರುತ್ತೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅವಳು ಒಬ್ಬಟ್ಟಿನ ತುಂಡನ್ನು ತಟ್ಟೆಯಲ್ಲಿಟ್ಟಳು. “ಊರೋರ ಬೆರಳೆಲ್ಲ ಹಿಡ್ಕೊಂಡು ನೋಡೋರು, ಒಂದಿನ ನನ್ನ ಬೆರಳೂ ಹಿಡ್ಕೊಂತೀರ ಅಂತ ಕಾಯ್ತಾ ಇದ್ದೆ.”

ನನಗೆ ಅಳು ಬಂತು. ತಡೆದುಕೊಂಡೆ ಅಂತ ಸುಳ್ಳು ಹೇಳುವುದಿಲ್ಲ, ಅತ್ತುಬಿಟ್ಟೆ. ವರ್ಷಕ್ಕೆ ಎರಡರಂತೆ ಓಡಿದರೆ ನೂರಕ್ಕೆ ಇನ್ನು ಹದಿಮೂರು ವರ್ಷ. ಅವಳು ಹೋದ ಮೇಲೆ ನಾನು ಅರವತ್ತರ ಗಡಿಯಲ್ಲಿ ಗಟ್ಟಿಮುಟ್ಟಾಗಿ ಕೂತಿರುತ್ತೇನೆ, ಅಪ್ಪನೂ ಹುರಿಗಡಲೆ ಅಗಿಯುತ್ತಿರುತ್ತಾನೆ. ಆ ಆಯಸ್ಸನ್ನು ಇಟ್ಟುಕೊಂಡು ನಾನೇನು ಮಾಡಲಿ? ಯಾರಿಗೆ ಭಾಷಣ ಮಾಡಲಿ?

ಮಾರನೆಯ ದಿನದಿಂದಲೇ ಎರಡು ಕುಕ್ಕೆ ಸೊಪ್ಪು ತಂದೆ, ಮೂರು ಮಣೆ ಹಾಕಿದೆ. ಅದು ಸುಲಭದ ಕೆಲಸ. ಕಷ್ಟದ್ದು ಕೆಂಡದ ದಿನ. ಮೊದಲ ಮಣೆ ಯಾರದೋ ಅವರ ಉಗುರಿನಿಂದಲೇ ಒಲೆಯ ನಡಿಗೆ ತೀರ್ಮಾನವಾಗುವುದು. ನಿಜ ಹೇಳಿದರೆ ಮೊದಲ ಮಣೆ ಗಂಗಮಾಳಿಯದು, ಆಗ ಕೆಂಡ ನಮ್ಮ ಕೈ ತಪ್ಪುತ್ತದೆ. ಹೇಳದಿದ್ದರೆ ಕೇಳುವವರಿಲ್ಲ. ಮಾವನಿಗಿಂತ ಸೊಸೆ ದೊಡ್ಡವಳಾಗಿರಬಹುದು ಅಂತ ಯಾರ ಕನಸಿಗಾದರೂ ಬಂದೀತೆ?

“ಸುಮ್ನಿರಿ” ಅಂದಳು ಅವಳು. “ಮಾವ ಆಸೆ ಇಟ್ಕೊಂಡವ್ರೆ. ಕೆಂಡ ಹೋಗ್ಲಿ, ಆಮೇಲೆ ನೋಡ್ಕೊಳ್ಳೋಣ.”

ನಾನು ಸುಮ್ಮನಿದ್ದೆ. ಒಂದು ದಿನವಲ್ಲ, ಏಳು ದಿನ. ಅವಳ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಹದಿನಾಲ್ಕು ವರ್ಷ ಕಾದಿದ್ದ ಕೆಂಡ ನನಗೆ ಬೇಕಾಗಿತ್ತು, ಅದೇ ನಿಜ.

ಕೆಂಡದ ದಿನ ಬಂತು. ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಜನ. ಕೈಯಲ್ಲಿ ಒಂದೊಂದು ಮಣ್ಣಿನ ಕುಡಿಕೆ, ಒಳಗೆ ಕೆಂಡ ಹಾಕಿಸಿಕೊಳ್ಳಲು ಬೂದಿಯ ಹಾಸು. ಮೇಲಿನ ಕೇರಿಯವರೂ ಬಂದಿದ್ದರು, ಕೆಲವರು ಹೊಟ್ಟೆಕಿಚ್ಚಿನಿಂದಲೂ ಬಂದಿದ್ದರು. ನಾನು ಹೊಸ ಪಂಚೆ ಉಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಗಂಗಮಾಳಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಬಟ್ಟಲಲ್ಲಿ ಅರಿಶಿನ ಕಲಸಿ, ಬಲಗೈ ಹೆಬ್ಬೆರಳಿನ ಉಗುರಿಗೆ ತಿಕ್ಕಿ ತಿಕ್ಕಿ ಹಚ್ಚಿಕೊಳ್ಳುತ್ತಿದ್ದಳು, ಓಬಮ್ಮನ ಕಣ್ಣಿಗೆ ಬೀಳದಿರಲಿ ಅಂತ. ತನ್ನ ವಯಸ್ಸನ್ನು ನನ್ನ ಮರ್ಯಾದೆಗಾಗಿ ಮುಚ್ಚುತ್ತಿದ್ದಳು. ನೀರಿನ ಲೋಟವನ್ನು ಹಾಗೇ ಇಟ್ಟು ಹೊರಗೆ ಬಂದೆ.

ಹೊರಗೆ ಓಬಮ್ಮ ಅಪ್ಪನ ಎದುರು ಕೂತು ಮಸಿ ಒರೆಸಿ ಮುಳ್ಳು ಹಿಡಿದಿದ್ದಳು. “ಅರವತ್ತಾರು!” ಅಂತ ಕೂಗಿದಳು. “ಕೆಂಡ ಈರಜ್ಜನ ಮನೇದು!”

ಅಂಗಳದಲ್ಲಿ ಸಂತೋಷದ ಗದ್ದಲ. ಅಪ್ಪ ಮೀಸೆ ತಿರುವಿದ.

“ನಿಲ್ಲು ಓಬಮ್ಮ” ಅಂದೆ. “ನೀನು ತಪ್ಪು ಮಣೆಗೆ ಮುಳ್ಳಿಟ್ಟಿದ್ದೀಯ.”

“ಏನಣ್ಣ ಹಂಗಂದ್ರೆ?”

“ಗೆರೆ ಹೆಚ್ಚಿದ್ದೋರಿಗೆ ತಾನೇ ಮೊದಲ ಮಣೆ? ಈ ಮನೇಲಿ ಗೆರೆ ಹೆಚ್ಚಿರೋದು ನಮ್ಮಪ್ಪಂಗಲ್ಲ.” ಒಳಗೆ ಹೋಗಿ ಗಂಗಮಾಳಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವಳು “ಬೇಡ್ರೀ, ಬೇಡ್ರೀ” ಅನ್ನುತ್ತಿದ್ದಳು. ನನ್ನ ಹೊಸ ಪಂಚೆಯ ಚುಂಗಿನಿಂದಲೇ ಅವಳ ಬೆರಳಿನ ಅರಿಶಿನ ಒರೆಸಿದೆ. “ಎಣಿಸು” ಅಂದೆ.

ಓಬಮ್ಮ ಮಸಿ ಸವರಿ ಎಣಿಸಿದಳು. ಅವಳ ತುಟಿ ಅಲ್ಲಾಡುವುದನ್ನು ಊರೆಲ್ಲ ನೋಡುತ್ತಿತ್ತು. ಅರವತ್ತಾರಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿ ಮತ್ತೆ ಬಗ್ಗಿದಳು. ಕಡೆಗೆ ಮುಳ್ಳನ್ನು ಮಡಿಲಲ್ಲಿಟ್ಟು “ಎಪ್ಪತ್ತಮೂರು” ಅಂದಳು, ಈ ಸಲ ಕೂಗಲಿಲ್ಲ.

ನನಗೆ ಹೆದರಿಕೆಯಿದ್ದದ್ದು ಅಪ್ಪನದು. ಅಪ್ಪ ಮಣೆ ಬಿಟ್ಟು ಎದ್ದ. ಸೀದಾ ನನ್ನ ಹತ್ತಿರ ಬಂದು “ಥೂ ಮುಟ್ಠಾಳ! ಇಷ್ಟು ವರ್ಷ ದೊಡ್ಡೋರ ಮಣೆ ಮೇಲೆ ನನ್ನ ಕೂರ್ಸಿದ್ದೀಯಲ್ಲೋ! ಊರಿಗುಪಕಾರಿ ಮನೆಗೆ ಮಾರಿ!” ಅಂತ ಎಲ್ಲರೆದುರು ಬೈದ. ಆಮೇಲೆ ಸೊಸೆಯ ಕಡೆ ತಿರುಗಿ ಎರಡೂ ಕೈ ಮುಗಿದ. “ಬಾರವ್ವ, ಕೂತ್ಕೊ. ನಾನೂ ತಿಂದೆ, ಇವನೂ ತಿಂದ. ನಿನ್ನ ತಟ್ಟೇಲೇನೈತೆ ಅಂತ ಇಬ್ರೂ ಬಗ್ಗಿ ನೋಡ್ಲಿಲ್ಲ.”

ಅವಳು ಕೂರಲೊಲ್ಲಳು. ಮಾವನ ಮಣೆಯ ಮೇಲೆ ಕೂರುವುದುಂಟೇ ಅಂತ ಸೆರಗು ಬಾಯಿಗಿಟ್ಟುಕೊಂಡು ನಿಂತಳು. “ಕಟ್ಟಳೆ ಕಣವ್ವ, ನಾನು ಹೇಳಿದ್ದಲ್ಲ” ಅಂದ ಅಪ್ಪ. ಕೂತಳು. ತಟ್ಟೆಯಿಟ್ಟು ಮೊದಲ ಸೌಟು ನಾನೇ ಬಡಿಸಿದೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಬೇರೆಯವರ ಕೈಯಿಂದ ಬಡಿಸಿಕೊಂಡು ಉಂಡದ್ದು ಅವಳು ಅದೇ ಮೊದಲು. ಬಿಸಿ ಸೊಪ್ಪು ಬಾಯಿಗಿಟ್ಟುಕೊಂಡು ಅಗಿದಳು, ಅಗಿಯುತ್ತಲೇ ಕಣ್ಣು ಒರೆಸಿಕೊಂಡಳು.

ಅಂಗಳದಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ತನ್ನ ಕುಡಿಕೆಯನ್ನು ನೆಲಕ್ಕಿಟ್ಟು, ಸೆರಗಿನ ತುದಿಯನ್ನು ಎಂಜಲು ಮಾಡಿ, ಹೆಬ್ಬೆರಳಿನ ಅರಿಶಿನವನ್ನು ಉಜ್ಜತೊಡಗಿದಳು. ಅವಳ ಪಕ್ಕದವಳೂ ಉಜ್ಜಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅವರ ಗಂಡಂದಿರು ತಮ್ಮ ಕುಡಿಕೆಯ ಬೂದಿಯನ್ನೇ ನೋಡುತ್ತ ನಿಂತಿದ್ದರು. ಓಬಮ್ಮನೂ ಮನೆಯಲ್ಲಿ ಆರು ಜನಕ್ಕೆ ಬೇಯಿಸಿ ಹಾಕುವವಳೇ. ನಮ್ಮ ಕಡೆ ಬೆನ್ನು ತಿರುಗಿಸಿ ತನ್ನ ಉಗುರಿಗೇ ಮಸಿ ಸವರಿಕೊಂಡಳು. ಎಷ್ಟು ಎಣಿಸಿದಳೋ, ಇವತ್ತಿಗೂ ಹೇಳಿಲ್ಲ. ಆದರೆ ಅವತ್ತು ಮನೆಗೆ ಹೋದವಳು ನೇರವಾಗಿ ಮೊದಲ ಮಣೆಯ ಮೇಲೆ ಕೂತಳಂತೆ.

ಆ ವರ್ಷ ಕೆಂಡ ಯಾವ ಮನೆಯಿಂದಲೂ ಹೋಗಲಿಲ್ಲ. ಊರಿನ ಒಲೆಗಳನ್ನೆಲ್ಲ ಬೆಂಕಿಪೊಟ್ಟಣದಿಂದಲೇ ಹೊತ್ತಿಸಿದರು, ಅಡುಗೆಯೇನೂ ಕೆಡಲಿಲ್ಲ. ನಮ್ಮ ಕಸುಬು ಮಾತ್ರ ಹೆಚ್ಚಾಯಿತು. ಈಗ ನಾನೂ ಓಬಮ್ಮನೂ ಮನೆಗೆ ಹೋದರೆ ನಲವತ್ತು ದಾಟಿದ ಎಲ್ಲರ ಬೆರಳನ್ನೂ ಹುಣಸೆಹಣ್ಣಿನಲ್ಲಿ ತೊಳೆಸಿ ನೋಡುತ್ತೇವೆ. ಒಂದಗುಳು ಹಿಚುಕುವ ಮಾತನ್ನು ನಾನು ಬಿಟ್ಟಿದ್ದೇನೆ. ಒಲೆ ನೋಡಲು ಬಂದವರಿಗೆ ಬೆರಕೆ ಸೊಪ್ಪು, ಮುದ್ದೆ, ಮಜ್ಜಿಗೆ ಅಷ್ಟೇ, ಅದೂ ಅವರೇ ಸೊಪ್ಪು ಬಿಡಿಸಿಕೊಟ್ಟರೆ. ಬರುವವರು ಕಡಿಮೆಯಾಗಿದ್ದಾರೆ. ಕಡಿಮೆಯಾಗಲಿ, ಏನಂತೆ!

ಈ ನಡುವೆ ನಾನೊಂದು ದಡ್ಡತನ ಮಾಡಿದೆ. ಅವಳಿಗಿಂತ ಇಪ್ಪತ್ತೊಂದು ಗೆರೆ ಹಿಂದೆ ಇರುವುದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಪೇಟೆಯಿಂದ ಎರಡು ಸೇರು ಜಿಲೇಬಿ ಕಟ್ಟಿಸಿಕೊಂಡು ಬಂದು ಹಿತ್ತಿಲಲ್ಲಿ ಕೂತು ತಿನ್ನಲು ಶುರುಮಾಡಿದೆ. ಗಂಗಮಾಳಿ ನೋಡಿದಳು.

“ಏನಿದು?”

“ನಿನ್ನ ಹಿಡೀಬೇಕು. ಹಿಂಗೆ ತಿಂದ್ರೆ ಹದಿನಾಲ್ಕು ವರ್ಷಕ್ಕೆ ಹಿಡೀತೀನಿ.”

ಅವಳು ಪೊಟ್ಟಣ ಕಿತ್ತುಕೊಂಡು ಒಂದೇ ಒಂದು ಜಿಲೇಬಿ ನನಗೆ ಕೊಟ್ಟು ಉಳಿದದ್ದನ್ನು ಪಕ್ಕದ ಮನೆಯ ಮಕ್ಕಳಿಗೆ ಹಂಚಿಬಿಟ್ಟಳು. ನಲವತ್ತು ದಾಟದವರಿಗೆ ಒಲೆಯ ಭಯವಿಲ್ಲವಲ್ಲ. “ಮುದುಕಿಯಾದ ನನ್ನ ನೋಡ್ಕೊಳ್ಳೋಕೆ ಗಟ್ಟಿಯಾದೋರೊಬ್ರು ಬೇಡ್ವಾ? ಸೊಪ್ಪು ಕುಯ್ಯೋಕೆ ನಡೀರಿ” ಅಂದಳು.

ವರ್ಷ ತುಂಬಿತು. ಮತ್ತೆ ಅವರೆಕಾಯಿ ಬಂತು, ಓಬಮ್ಮ ಬಂದಳು. ಗಂಗಮಾಳಿ ಮೊದಲ ಮಣೆಯ ಮೇಲೆ ಕೂತು, ಎಷ್ಟೋ ವರ್ಷದಿಂದ ಅಲ್ಲೇ ಕೂತವಳ ಹಾಗೆ ಕೈ ಚಾಚಿದಳು. ಓಬಮ್ಮ ಎರಡು ಸಲ ಎಣಿಸಿದಳು. ಎಪ್ಪತ್ತಮೂರು. ಒಂದೂ ಹೆಚ್ಚಿಲ್ಲ. ಮುದ್ದೆಯನ್ನು ಈಗ ಅವಳೇ ಕೂಡಿಸುತ್ತಾಳೆ, ಕೆರೆ ಏರಿಯ ಅರ್ಧದವರೆಗೆ ನಮ್ಮ ಜೊತೆ ಬಂದು ಕಲ್ಲಿನ ಮೇಲೆ ಕೂತು, ನಾವು ತಿರುಗಿ ಬರುವವರೆಗೆ ಇರುತ್ತಾಳೆ.

ಅವತ್ತು ಸಂಜೆ ಆ ಕಲ್ಲಿನ ಹತ್ತಿರ ನಿಂತು ಅವಳಿಗೆ ಲೆಕ್ಕ ಹೇಳಿದೆ. “ನನ್ನ ನಡಿಗೇಲಿ ಎಪ್ಪತ್ತಮೂರಕ್ಕೆ ಬರೋಕೆ ಇನ್ನೂ ನಲವತ್ತೆರಡು ವರ್ಷ ಬೇಕು ಕಣೆ.” ಅಷ್ಟರಲ್ಲಿ ಅವಳೂ ಅದೇ ನಡಿಗೆಯಲ್ಲಿ ಮುಂದೆ ಹೋಗಿರುತ್ತಾಳೆ, ನಾನು ಎಂದೂ ಅವಳನ್ನು ಹಿಡಿಯಲಾರೆ. ಅದು ಅವಳಿಗೂ ಗೊತ್ತು, ಅವಳ ಮಂಡಿಗೂ ಗೊತ್ತು.

ಅವಳು ಕಲ್ಲಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು.

“ಅವಸರ ಏನೈತೆ? ನಿಧಾನಕ್ಕೆ ಬನ್ನಿ” ಅಂದಳು. “ನಾನು ಇಲ್ಲೇ ಕೂತಿರ್ತೀನಿ.”